ಮದ್ದೂ ಕಾರಣವೂ: ಕಾರ್ಕ್ ನಗರದ ಒಂದು 'ಮನೆ ಸಂಗೀತ'ದ ಕಥೆ

(ಸಂಘದ ಯುಗಾದಿ ಕೂಟದಲ್ಲಿ ಅತಿಥಿಗಳು ಮಾಡಿದ ಉಪನ್ಯಾಸದ ಲಿಖಿತ ರೂಪ)



ಈ ಕೂಟದಲ್ಲಿ ನಾಲ್ಕು ಮಾತನಾಡಬೇಕೆಂದು ನಿಮ್ಮ ಕಾರ್ಯದರ್ಶಿಗಳು ಕೇಳಿದಾಗ ಅವರ ಮನಸ್ಸಿನಲ್ಲಿ ಎರಡು ವಿಷಯಗಳಿದ್ದಂತೆ ತೋರಿತು. ಒಂದು, ವಚನ ಸಾಹಿತ್ಯ. ಇನ್ನೊಂದು, ನಲವತ್ತು ದಾಟಿದವರು ತಮ್ಮ ಹೃದಯವನ್ನು ಕಾಪಾಡಿಕೊಳ್ಳುವ ಬಗೆ. ಧಾರವಾಡದ ಕಡೆಯವನಾದ್ದರಿಂದ ಮೊದಲನೆಯದು, ವೈದ್ಯನಾದ್ದರಿಂದ ಎರಡನೆಯದು. ನಾನು ಆರಿಸಿಕೊಂಡ ವಿಷಯವನ್ನು ತಿಳಿಸಿದಾಗ ದೂರವಾಣಿಯ ಆ ಬದಿಯಲ್ಲಿ ಸ್ವಲ್ಪ ಹೊತ್ತು ಮೌನವಿತ್ತು. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಹುಟ್ಟಿ ಬೆಳೆದ ಒಂದು ನೃತ್ಯಸಂಗೀತದ ಜೋಡಿಯ ಬಗ್ಗೆ, ಇಂಗ್ಲಿಷಿನಲ್ಲಿ 'ಸೋಲ್‌ಫುಲ್ ಹೌಸ್' ಎಂದು ಕರೆಯುವ ಸಂಗೀತದ ಬಗ್ಗೆ ಮಾತನಾಡುತ್ತೇನೆ ಎಂದಿದ್ದೆ. ವಯಸ್ಸಾದ ಮೇಲೆ ಡಾಕ್ಟರಿಗೆ ಏನೋ ಆಗಿದೆ ಎಂದು ಅವರು ಭಾವಿಸಿದ್ದರೆ ನಾನು ತಪ್ಪು ತಿಳಿಯುವುದಿಲ್ಲ. ಈ ವಿಷಯದಲ್ಲಿ ನನ್ನದೊಂದು ಹಳೆಯ ಸಾಲವಿದೆ. ಅದನ್ನು ತಮ್ಮೆದುರು ತೀರಿಸಬೇಕೆಂಬುದು ನನ್ನ ಆಸೆ.

ಮೊದಲು ತಮ್ಮನ್ನು ಕುಂದಗೋಳಕ್ಕೆ ಕರೆದೊಯ್ಯುತ್ತೇನೆ. ಹುಬ್ಬಳ್ಳಿಯಿಂದ ರೈಲು ಹಿಡಿದರೆ ಅರ್ಧ ಗಂಟೆಯ ಹಾದಿ. ಅಲ್ಲಿಯ ನಾಡಿಗೇರರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆಂದು ಅಹೋರಾತ್ರಿ ಸಂಗೀತ ನಡೆಯುತ್ತಿತ್ತು. ಗುರುಗಳು 1952ರಲ್ಲಿ ತೀರಿಕೊಂಡರು; ಶಿಷ್ಯರು ಆ ಊರನ್ನು ಮರೆಯಲಿಲ್ಲ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ನಾವು ನಾಲ್ಕೈದು ಜನ ಗೆಳೆಯರು ರಾತ್ರಿಯ ಊಟ ಮುಗಿಸಿ ಹೋಗಿ, ಜಮಖಾನೆಯ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತು, ಬೆಳಗಿನ ರಾಗ ಮುಗಿದ ಮೇಲೆ ಕೆಂಪಾದ ಕಣ್ಣುಗಳೊಡನೆ ಮರಳುತ್ತಿದ್ದೆವು. ನಮ್ಮ ತಂದೆಯವರು ಒಮ್ಮೆಯೂ ಗದರಿಸಲಿಲ್ಲ. "ಯಾರು ಹಾಡಿದರು, ಏನು ಹಾಡಿದರು" ಎಂದಷ್ಟೇ ಕೇಳುತ್ತಿದ್ದರು. ಆ ಪ್ರಶ್ನೆಯನ್ನು ತಾವು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸವಾಯಿ ಗಂಧರ್ವರದು ಕಿರಾಣಾ ಘರಾಣೆ. ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಿಂದ ಆ ಹೆಸರು ಬಂದಿತು. 'ಘರಾಣೆ' ಎಂಬ ಶಬ್ದದೊಳಗೆ 'ಘರ್', ಎಂದರೆ ಮನೆ, ಇದೆ. ಅಬ್ದುಲ್ ಕರೀಂ ಖಾನರು ಆ ದೂರದ ಮನೆಯ ಸಂಗೀತವನ್ನು ದಕ್ಷಿಣಕ್ಕೆ ತಂದರು. ಅವರ ಶಿಷ್ಯರಾದ ಸವಾಯಿ ಗಂಧರ್ವರು ಕುಂದಗೋಳದಲ್ಲಿ ಅದಕ್ಕೆ ಇನ್ನೊಂದು ಮನೆ ಮಾಡಿಕೊಟ್ಟರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರು, ಗದುಗಿನಿಂದ ಬಂದು ಗುರುವಿನ ಬಳಿ ಉಳಿದ ಭೀಮಸೇನ ಜೋಶಿಯವರು ಅಲ್ಲಿ ಕಲಿತರು. ಇಂದು ಕಿರಾಣಾ ಎಂದರೆ ಧಾರವಾಡದ ಮಣ್ಣಿನ ಸಂಗೀತ ಎಂದೇ ನಾವು ಬೀಗುತ್ತೇವೆ. ಅದು ಬೇರೆ ಸೀಮೆಯಿಂದ ಬಂದದ್ದೆಂಬುದು ಯಾರಿಗೂ ಕೊರತೆಯಾಗಿ ಕಾಣುವುದಿಲ್ಲ. ಪರದೇಶದ ಸಂಗೀತವೊಂದು ಒಂದು ಊರಿನದ್ದಾಗುವುದು ಹೇಗೆಂಬ ಪ್ರಶ್ನೆಗೆ ನನಗೆ ಮೊದಲ ಉತ್ತರ ಕೊಟ್ಟದ್ದು ಕುಂದಗೋಳ. ಎರಡನೆಯ ಉತ್ತರ ಕೊಟ್ಟದ್ದು ಕಾರ್ಕ್.

'ಹೌಸ್' ಎಂದರೂ ಮನೆಯೇ ತಾನೆ? ಆದರೆ ಆ ಹೆಸರು ಬಂದದ್ದು ಒಂದು ಉಗ್ರಾಣದಿಂದ. ಅಮೆರಿಕದ ಷಿಕಾಗೋ ನಗರದಲ್ಲಿ 1977ರಲ್ಲಿ 'ವೇರ್‌ಹೌಸ್' ಎಂಬ ನೃತ್ಯಗೃಹವೊಂದು ಆರಂಭವಾಯಿತು. ಅಲ್ಲಿ ಧ್ವನಿಮುದ್ರಿಕೆಗಳನ್ನು ನುಡಿಸಲು ನ್ಯೂಯಾರ್ಕಿನಿಂದ ಬಂದ ಯುವಕ ಫ್ರಾಂಕಿ ನಕಲ್ಸ್. ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಜನಾಂಗದ, ಲ್ಯಾಟಿನ್ ಮೂಲದ ತರುಣರು. ಅವರಲ್ಲಿ ಅನೇಕರು ಸಲಿಂಗಪ್ರೇಮಿಗಳಾದ ಕಾರಣ ಸ್ವಂತ ಮನೆಗಳಲ್ಲೇ ಜಾಗ ಕಳೆದುಕೊಂಡವರು. ಅಲ್ಲಿ ಕೇಳಿಬರುವ ಸಂಗೀತಕ್ಕೆ ಊರಿನ ಜನ 'ಹೌಸ್' ಎಂದು ಹೆಸರಿಟ್ಟರು.

ಆ ಕಾಲದಲ್ಲಿ ಇಂಥ ಸಂಗೀತದ ಮೇಲೆ ಎಂಥ ಸಿಟ್ಟಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. 1979ರ ಜುಲೈ 12ರಂದು ಅದೇ ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ, ಡಿಸ್ಕೋ ಸಂಗೀತದ ತಟ್ಟೆಗಳನ್ನು ರಾಶಿ ಹಾಕಿ ಸಿಡಿಮದ್ದಿನಿಂದ ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿದರು. ಎರಡನೆಯ ಪಂದ್ಯ ನಡೆಯಲೇ ಇಲ್ಲ. ಡಿಸ್ಕೋ ಸತ್ತಿತೆಂದು ಪತ್ರಿಕೆಗಳು ಬರೆದವು. ಸಾಯಲಿಲ್ಲ, ಆ ಉಗ್ರಾಣವನ್ನು ಸೇರಿ ರೂಪ ಬದಲಿಸಿತು. ಜಪಾನಿನ ರೋಲಂಡ್ ಕಂಪನಿಯ ತಾಳಯಂತ್ರಗಳು, 1980ರ ಟಿ.ಆರ್.-808 ಮತ್ತು 1983ರ ಟಿ.ಆರ್.-909, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗತೊಡಗಿದಾಗ, ವಾದ್ಯವೃಂದವನ್ನು ಕಟ್ಟಲು ಹಣವಿಲ್ಲದ ಹುಡುಗರು ತಮ್ಮ ಮಲಗುವ ಕೋಣೆಗಳಲ್ಲೇ ಸಂಗೀತ ಕಟ್ಟಿದರು.

ಇದೇ ಯಂತ್ರಗಳು ನಮ್ಮ ದೇಶದಲ್ಲೂ ಒಂದು ಸೋಜಿಗವನ್ನು ಮಾಡಿದ್ದವು. ಮುಂಬಯಿಯ ಚಿತ್ರಸಂಗೀತದ ವಾದಕ ಚರಣಜಿತ್ ಸಿಂಗ್ 1982ರಲ್ಲಿ ಈ 808ನ್ನೇ ಬಳಸಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಹೊಂದಿಸಿ ಒಂದು ತಟ್ಟೆಯನ್ನು ಹೊರತಂದರು. ಆಗ ಕೊಳ್ಳುವವರಿರಲಿಲ್ಲ. 2010ರಲ್ಲಿ ಅದು ಯೂರೋಪಿನಲ್ಲಿ ಮರುಮುದ್ರಣಗೊಂಡಾಗ, ಅಮೆರಿಕನ್ನರಿಗಿಂತ ಮುಂಚೆಯೇ ಇಂಥ ಸಂಗೀತ ಮಾಡಿದವರೊಬ್ಬರು ಭಾರತದಲ್ಲಿದ್ದರೆಂದು ಜನ ಬೆರಗಾದರು. ಕಲ್ಪನೆ ಅವರಲ್ಲಿತ್ತು, ಯಂತ್ರವೂ ಇತ್ತು. ವಾರ ವಾರ ಜನ ಸೇರುವ ಒಂದು ಮನೆ ಮಾತ್ರ ಅದಕ್ಕೆ ಸಿಗಲಿಲ್ಲ.

ಈ ಸಂಗೀತದ ಕಟ್ಟಡ ನಮಗೆ ಅಪರಿಚಿತವೇನಲ್ಲ. ನಾಲ್ಕು ಮಾತ್ರೆಗಳ ಒಂದು ಗುಂಪು. ಪ್ರತಿ ಮಾತ್ರೆಯ ಮೇಲೂ ದೊಡ್ಡ ಡೋಲಿನ ಒಂದು ಪೆಟ್ಟು. ಎರಡು ಮತ್ತು ನಾಲ್ಕನೆಯದರ ಮೇಲೆ ಚಪ್ಪಾಳೆ. ಮಾತ್ರೆ ಮಾತ್ರೆಯ ನಡುವೆ ತಾಳದ ಕಿಣಿಕಿಣಿ. ಇಂಥ ನಾಲ್ಕು ಗುಂಪು ಸೇರಿದರೆ ಹದಿನಾರು, ನಮ್ಮ ತೀನತಾಲದ ಒಂದು ಆವರ್ತನದಷ್ಟು. ವೇಗ ನಿಮಿಷಕ್ಕೆ 120ರಿಂದ 125 ಪೆಟ್ಟು. ಮೂರು ಮಹಡಿ ಮೆಟ್ಟಿಲು ಹತ್ತಿದವನ ನಾಡಿ. ಮಾತ್ರೆ ಎಂದರೆ ಗುಳಿಗೆ ಎಂದೇ ತಿಳಿದು ಜೀವನ ಕಳೆದ ನಾನು ಈ ಇನ್ನೊಂದು ಅರ್ಥವನ್ನು ಮುಪ್ಪಿನಲ್ಲಿ ಮತ್ತೆ ಕಲಿತೆ. ಇದೆಲ್ಲ ಹೌಸ್ ಸಂಗೀತದ ಸಾಮಾನ್ಯ ಲಕ್ಷಣ. 'ಸೋಲ್‌ಫುಲ್' ಎನ್ನಿಸಿಕೊಳ್ಳುವ ಕವಲಿನಲ್ಲಿ ಇದರ ಮೇಲೆ ಮಾನವಕಂಠವೊಂದು ಹಾಡುತ್ತದೆ. ವಿದ್ಯುತ್ ಪಿಯಾನೋದ ಮೆತ್ತನೆಯ ಸ್ವರಗಳಿರುತ್ತವೆ. ಅಮೆರಿಕದ ಕಪ್ಪು ಜನರ ಇಗರ್ಜಿಗಳ ಭಕ್ತಿಗೀತೆಯ ಛಾಯೆ ಇರುತ್ತದೆ. ಒಬ್ಬರು ಹೇಳಿಕೊಟ್ಟು ಹತ್ತು ಜನ ಹಾಡುವ ನಮ್ಮ ಭಜನೆಗೆ ಇದು ದೂರದ ಸೋದರಸಂಬಂಧಿ. ಕುಣಿಯಲೂ ಬೇಕು, ಗಂಟಲೂ ಕಟ್ಟಬೇಕು. ಎರಡೂ ಒಟ್ಟಿಗೆ ಆಗುವುದು ಇದರ ವೈಶಿಷ್ಟ್ಯ.

ಈಗ ಕಾರ್ಕಿಗೆ ಬರೋಣ. 1983ರಲ್ಲಿ ಅಲ್ಲಿಯ ಡನ್‌ಲಪ್ ಟೈರ್ ಕಾರ್ಖಾನೆ ಮುಚ್ಚಿತು. 1984ರಲ್ಲಿ ಫೋರ್ಡ್ ಮೋಟಾರು ಕಾರ್ಖಾನೆ ಮುಚ್ಚಿತು. ಅದೇ ವರ್ಷ ವೆರೋಲ್ಮೆ ಹಡಗುಕಟ್ಟೆಯೂ ಮುಚ್ಚಿತು. ಎರಡು ವರ್ಷದೊಳಗೆ ಒಂದು ಊರಿನ ಬೆನ್ನುಮೂಳೆ ಮುರಿಯಿತು. ನಾನು 1986ರಲ್ಲಿ ಸಂಸಾರಸಮೇತ ಅಲ್ಲಿಗೆ ಬಂದಾಗ ನನ್ನ ರೋಗಿಗಳಲ್ಲಿ ಕೆಲಸ ಕಳೆದುಕೊಂಡ ಗಂಡಸರೇ ಹೆಚ್ಚು. ಅವರ ಮಕ್ಕಳು ಲಂಡನ್ನಿಗೋ ಬಾಸ್ಟನ್ನಿಗೋ ಹೊರಡುತ್ತಿದ್ದರು. ನಾವು ಬಂದಿಳಿದ ದೇಶದಿಂದ ಅದರ ಮಕ್ಕಳೇ ಹಡಗು ಹತ್ತುತ್ತಿದ್ದುದು ವಿಚಿತ್ರವಾದ ಅನುಭವ.

ಐರಿಷರು ಮನೆಯೊಳಗೆ ಕುಣಿಯುವ ಜನ. ಹಳ್ಳಿಗಳಲ್ಲಿ ಅಡುಗೆಮನೆಯ ಕುರ್ಚಿ ಮೇಜುಗಳನ್ನು ಬದಿಗೆ ಸರಿಸಿ ಫಿಡ್ಲ್ ನುಡಿಸಿ ಕುಣಿಯುತ್ತಿದ್ದರು. ಮಗನೋ ಮಗಳೋ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿಯೂ ಹಾಗೆಯೇ. ಬೆಳಗಿನವರೆಗೆ ಕುಣಿದು, ಸತ್ತವರಿಗೆ ಅಳುವಂತೆ ಅತ್ತು ಕಳುಹಿಸುತ್ತಿದ್ದರು. ಅದನ್ನು 'ಅಮೆರಿಕನ್ ವೇಕ್' ಎನ್ನುತ್ತಿದ್ದರು. ಈ ಮನೆಯ ಕುಣಿತದ ಮೇಲೆ ಇಗರ್ಜಿಗೂ ಸರಕಾರಕ್ಕೂ ಗುಮಾನಿ. ಲೀಟ್ರಿಮ್ ಪ್ರಾಂತದಲ್ಲಿ ನೃತ್ಯಶಾಲೆ ನಡೆಸುತ್ತಿದ್ದ ಜೇಮ್ಸ್ ಗ್ರಾಲ್ಟನ್ ಎಂಬ ಎಡಪಂಥೀಯನನ್ನು 1933ರಲ್ಲಿ ಅವನ ತಾಯ್ನಾಡಿನಿಂದಲೇ ಗಡೀಪಾರು ಮಾಡಿದರು. 1935ರಲ್ಲಿ ಸಾರ್ವಜನಿಕ ನೃತ್ಯಶಾಲೆಗಳ ಕಾಯಿದೆ ಬಂದು, ಕುಣಿಯಲು ನ್ಯಾಯಾಲಯದ ಪರವಾನಗಿ ಬೇಕಾಯಿತು. ಕಾಯಿದೆ ಹೇಳಿದ್ದು ಸಾರ್ವಜನಿಕ ಸ್ಥಳಗಳನ್ನು ಕುರಿತು. ಅದರ ಭಯದಲ್ಲಿ ಅನೇಕ ಊರುಗಳ ಅಡುಗೆಮನೆಗಳೂ ಮೌನವಾದವು. ಮಕ್ಕಳು ರಾತ್ರಿ ಎಲ್ಲಿ ಕುಣಿಯುತ್ತಾರೆಂದು ಹಿರಿಯರು ನಿದ್ದೆಗೆಡುವುದು ಈ ದೇಶಕ್ಕೆ ಹೊಸದಲ್ಲ ಎಂದು ಹೇಳಲಿಕ್ಕಾಗಿ ಇದನ್ನು ತಂದೆ. ನಾನೂ ಅಂಥ ಹಿರಿಯರಲ್ಲಿ ಒಬ್ಬನಾದೆ.

ಕಾರ್ಕಿನ ಸೌತ್ ಮೇನ್ ಸ್ಟ್ರೀಟ್ ಹಳೆಯ ಕೋಟೆಯೂರಿನ ನಡುಬೀದಿ. ಬೀಮಿಷ್ ಬಿಯರ್ ಕಾರ್ಖಾನೆಯ ಹುರಿದ ಜವೆಯ ವಾಸನೆ ಆಗ ಬೀದಿಯ ತುಂಬ ಇರುತ್ತಿತ್ತು. ಆ ಕಾರ್ಖಾನೆಯೂ 2009ರಲ್ಲಿ ಮುಚ್ಚಿತು. ಆ ಬೀದಿಯಲ್ಲಿ 1970ರ ದಶಕದ ಕೊನೆಯಿಂದ 'ಸರ್ ಹೆನ್ರೀಸ್' ಎಂಬ ಸ್ಥಳವಿತ್ತು. ಹೊರಗಿನಿಂದ ನೋಡಿದರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. 1991ರ ಆಗಸ್ಟ್ 20ರಂದು ಅಮೆರಿಕದ ನಿರ್ವಾಣ ತಂಡ ಅಲ್ಲಿ ಬೇರೊಂದು ತಂಡದ ಮುನ್ನುಡಿಯಾಗಿ ನುಡಿಸಿತು. ಮುಂದಿನ ತಿಂಗಳು ಅವರ ತಟ್ಟೆ ಹೊರಬಂದು ಜಗತ್ತೇ ಅವರ ಹಿಂದೆ ಹೋಯಿತು. ಆದರೆ ಊರಿನ ಜನ ಆ ಮನೆಯನ್ನು ನೆನೆಯುವುದು ಒಂದು ರಾತ್ರಿಯ ನಿರ್ವಾಣಕ್ಕಿಂತ ಹೆಚ್ಚಾಗಿ ವಾರ ವಾರದ ಇನ್ನೊಂದು ಕಾರಣಕ್ಕೆ.

1988ರಲ್ಲಿ ಗ್ರೆಗ್ ಡೌಲಿಂಗ್ ಮತ್ತು ಶೇನ್ ಜಾನ್ಸನ್ ಎಂಬ ಇಬ್ಬರು ತರುಣರು ಅಲ್ಲಿ ಒಟ್ಟಿಗೆ ಧ್ವನಿಮುದ್ರಿಕೆ ನುಡಿಸತೊಡಗಿದರು. ಆ ರಾತ್ರಿಗಳಿಗೆ 'ಸ್ವೆಟ್', ಎಂದರೆ ಬೆವರು, ಎಂದು ಹೆಸರು. ಗೋಡೆಗಳೇ ಬೆವರುತ್ತಿದ್ದವೆಂದು ಹೋದವರು ಹೇಳುತ್ತಾರೆ. ಕೆಲಸವಿಲ್ಲದ, ಮಳೆ ಬಿಡದ ಊರಿನಲ್ಲಿ, ಷಿಕಾಗೋ, ನ್ಯೂಯಾರ್ಕ್, ನ್ಯೂಜರ್ಸಿಗಳ ಕಪ್ಪು ಜನರು ಮಾಡಿದ ಸಂಗೀತವನ್ನು ಇವರು ತರಿಸಿ ಕೇಳಿಸಿದರು. ಲಿಮರಿಕ್, ಕೆರಿ, ವಾಟರ್‌ಫರ್ಡ್ ಕಡೆಗಳಿಂದಲೂ ಜನ ಬಂದರು. ಒಂದು ವಾರ, ಎರಡು ವಾರವಲ್ಲ; ಒಂದು ದಶಕಕ್ಕೂ ಮಿಕ್ಕಿ ಅದೇ ಕೋಣೆ, ಅದೇ ಇಬ್ಬರು.

ತಟ್ಟೆ ನುಡಿಸುವುದರಲ್ಲಿ ಏನು ಕಲೆಯಿದೆ ಎಂದು ತಾವು ಕೇಳಬಹುದು. ನಾನೂ ಕೇಳಿದ್ದೆ. ಎರಡು ತಿರುಗುಮಣೆಗಳು, ಒಂದರ ಹಾಡು ಜನರಿಗೆ ಕೇಳುತ್ತಿರುವಾಗ ಇನ್ನೊಂದರದ್ದನ್ನು ಕಿವಿಗೆ ಮಾತ್ರ ಹಿಡಿದು, ಅದರ ವೇಗವನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ, ಎರಡರ ಸಮವೂ ಒಂದೇ ಕ್ಷಣಕ್ಕೆ ಬೀಳುವಂತೆ ಹೊಂದಿಸಿ, ಒಂದರೊಳಗಿಂದ ಇನ್ನೊಂದನ್ನು ಹೊರತರಬೇಕು. ಲಯ ಮುರಿಯಕೂಡದು, ಕುಣಿಯುವವರಿಗೆ ಸಂಧಿ ತಿಳಿಯಕೂಡದು. ಇಷ್ಟು ಕೈಚಳಕ. ಇದಕ್ಕಿಂತ ದೊಡ್ಡದು ಆಯ್ಕೆ: ಈ ಗಳಿಗೆಯಲ್ಲಿ ಈ ಜನಕ್ಕೆ ಯಾವುದು ಬೇಕು? ಸರಿರಾತ್ರಿಗೆ ಯಾವ ರಾಗ, ಬೆಳಗಿನ ಜಾವಕ್ಕೆ ಯಾವುದು ಎಂದು ತಿಳಿದ ಗವಾಯಿಯ ವಿವೇಕವೇ ಅದು. ನೂರಾರು ರಾತ್ರಿ ಅದೇ ಜನರ ಮುಖ ನೋಡಿ ನುಡಿಸಿದವರಿಗೆ ಮಾತ್ರ ಬರುವಂಥದ್ದು.

ಇನ್ನು ನನ್ನ ಸಾಲದ ವಿಷಯ.

ನನ್ನ ಮಗನಿಗೆ ಚಿಕ್ಕಂದಿನಿಂದ ಉಗ್ಗು. ಹತ್ತು ವರ್ಷದವನನ್ನು ಹುಬ್ಬಳ್ಳಿಯ ಶಾಲೆಯಿಂದ ಬಿಡಿಸಿ ಕಾರ್ಕಿನ ಶಾಲೆಗೆ ಸೇರಿಸಿದ ಮೇಲೆ ಅದು ಹೆಚ್ಚಾಯಿತು. ತರಗತಿಯಲ್ಲಿ ಅವನ ಬಣ್ಣದವನು ಅವನೊಬ್ಬನೇ. ಹೆಸರು ಕೇಳಿದರೆ ಹೇಳಲಾಗದೆ ನಿಲ್ಲುತ್ತಿದ್ದ. ನಾನು ವೈದ್ಯ, ತಜ್ಞರ ಬಳಿಗೆ ಕರೆದೊಯ್ದೆ, ಅಭ್ಯಾಸಗಳನ್ನು ಮಾಡಿಸಿದೆ, ಕಾರಣವನ್ನು ಹುಡುಕಿದೆ. ಉಗ್ಗುವವರು ಹಾಡುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲವೆಂಬುದು ವೈದ್ಯರಿಗೆಲ್ಲ ತಿಳಿದ ಸಂಗತಿ. ನನಗೂ ತಿಳಿದಿತ್ತು. ಆದರೂ ಅವನು ಎಲ್ಲಿ ಹಾಡುತ್ತಾನೆಂದು ನಾನು ವಿಚಾರಿಸಲಿಲ್ಲ.

1994ರಲ್ಲಿ, ಹದಿನೆಂಟು ತುಂಬಿದ ಮೇಲೆ, ಅವನು ವಾರದ ಕೊನೆಯಲ್ಲಿ ಸರ್ ಹೆನ್ರೀಸಿಗೆ ಹೋಗತೊಡಗಿದ. ಮನೆಗೆ ಬರುವುದು ರಾತ್ರಿ ಮೂರಕ್ಕೆ. ನೃತ್ಯಕೂಟಗಳ ಸುತ್ತ ಆ ವರ್ಷಗಳಲ್ಲಿ ಎಲ್ಲ ದೇಶಗಳಲ್ಲೂ ಮಾದಕ ಗುಳಿಗೆಗಳ ಹಾವಳಿ ಇದ್ದದ್ದು ಸುಳ್ಳಲ್ಲ. ಅವುಗಳ ಪರಿಣಾಮವನ್ನು ನಾನು ವೃತ್ತಿಯಲ್ಲಿ ಕಣ್ಣಾರೆ ಕಂಡಿದ್ದೆ. ನನ್ನ ಭಯಕ್ಕೆ ಆಧಾರವಿತ್ತು. ಆದರೆ ನನ್ನ ಮಗನನ್ನು ಕುರಿತು ನನಗೆ ಯಾವ ಆಧಾರವೂ ಇರಲಿಲ್ಲ. ನವೆಂಬರಿನ ಒಂದು ಮಳೆಯ ರಾತ್ರಿ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದೆ. ಅವನು ಬಂದ, ತಟ್ಟಿದ. ನನ್ನ ಪತ್ನಿ ಎದ್ದಳು, ಏಳಬೇಡ ಎಂದೆ. ಅವನು ಇನ್ನೆರಡು ಬಾರಿ ತಟ್ಟಿದ. ಕರೆಯಲಿಲ್ಲ. ಕರೆಯುವಾಗ ಮೊದಲ ಅಕ್ಷರದಲ್ಲೇ ಮಾತು ಸಿಕ್ಕಿಕೊಳ್ಳುತ್ತದೆಂದು ಕರೆಯಲಿಲ್ಲ. ಅದು ನನಗೆ ಬಾಗಿಲಿನ ಈ ಬದಿಯಲ್ಲಿ ನಿಂತಾಗಲೇ ಗೊತ್ತಿತ್ತು. ಆಮೇಲೆ ಹೆಜ್ಜೆಯ ಸಪ್ಪಳ ಬೀದಿಯ ಕಡೆಗೆ ಹೋಯಿತು.

ಮರುದಿನ ಮಧ್ಯಾಹ್ನ ಬಂದು, ಸ್ನಾನ ಮಾಡಿ, ತಾಯಿ ಬಡಿಸಿದ್ದನ್ನು ಉಂಡು, ತನ್ನ ಕೋಣೆಗೆ ಹೋದ. ಆ ರಾತ್ರಿಯ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಓದು ಮುಗಿದ ಮೇಲೆ ಬೇರೆ ದೇಶಕ್ಕೆ ಹೋದ. ಇಪ್ಪತ್ತು ವರ್ಷ ನಾವು ಹವಾಮಾನದ ಬಗ್ಗೆ, ಆರೋಗ್ಯದ ಬಗ್ಗೆ ಮಾತನಾಡಿದೆವು.

ಅತ್ತ ಆ ಇಬ್ಬರು ತರುಣರ ಕಥೆ ಮುಂದುವರಿದಿತ್ತು. ಬೇರೆಯವರ ತಟ್ಟೆಗಳನ್ನು ನುಡಿಸುತ್ತಿದ್ದವರು 'ಫಿಶ್ ಗೋ ಡೀಪ್' ಎಂಬ ಹೆಸರಿನಲ್ಲಿ ಸ್ವಂತ ರಚನೆಗಳನ್ನು ಮಾಡತೊಡಗಿದರು. ಹೆಸರಿನ ಅರ್ಥ ಮೀನು ಆಳಕ್ಕಿಳಿಯುವುದು. ಹೌಸ್ ಸಂಗೀತದಲ್ಲಿ 'ಡೀಪ್' ಎಂಬ ಒಂದು ಕವಲೂ ಇದೆ. 2003ರಲ್ಲಿ ಸರ್ ಹೆನ್ರೀಸ್ ಮುಚ್ಚಿತು, ಮುಂದೆ ಕಟ್ಟಡವನ್ನೂ ಕೆಡವಿದರು. ಮನೆ ಹೋದ ಮೇಲೆ ಸಂಗೀತ ಹೋಗಬೇಕಿತ್ತು. ಆದದ್ದು ಬೇರೆ. ಟ್ರೇಸಿ ಕೆ. ಎಂಬ ಗಾಯಕಿಯ ದನಿಯಲ್ಲಿ ಅವರು ಮಾಡಿದ 'ದ ಕ್ಯೂರ್ ಅಂಡ್ ದ ಕಾಸ್' ಎಂಬ ಹಾಡನ್ನು 2006ರಲ್ಲಿ ಲಂಡನ್ನಿನ ಡಿಫೆಕ್ಟೆಡ್ ಸಂಸ್ಥೆ ಹೊರತಂದಿತು. ಅದು ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ನಲವತ್ತರೊಳಗೆ ಬಂದಿತು. ಅಮೆರಿಕದ ಡೆನಿಸ್ ಫೆರರ್ ಅದನ್ನು ಹೊಸದಾಗಿ ಸಂಯೋಜಿಸಿದರು. ಆ ರೂಪ ಲಂಡನ್ನಿನ ಕಪ್ಪು ಜನಾಂಗದ ತರುಣರ ಕೂಟಗಳಲ್ಲಿ ವರ್ಷಗಟ್ಟಲೆ ಮೊಳಗಿತು.

ಹೀಗೆ ಬೇರೆಯವರ ಹಾಡನ್ನು ಮತ್ತೆ ಸಂಯೋಜಿಸುವುದಕ್ಕೆ 'ರೀಮಿಕ್ಸ್' ಎನ್ನುತ್ತಾರೆ. ನಮ್ಮಲ್ಲಿ ಹಿರಿಯರು ಈ ಶಬ್ದ ಕೇಳಿದರೆ ಮೂಗು ಮುರಿಯುವುದುಂಟು. ಪುರಂದರದಾಸರ ಪದಗಳ ಮೂಲ ಧಾಟಿಗಳು ಬಹುಪಾಲು ನಮಗೆ ಉಳಿದಿಲ್ಲ. ಒಂದೇ ಪದವನ್ನು ಮೈಸೂರಿನ ಕಡೆಯವರು ಒಂದು ರಾಗದಲ್ಲಿ ಹಾಡಿದರೆ ಭೀಮಸೇನ ಜೋಶಿಯವರು ಇನ್ನೊಂದು ಬಗೆಯಲ್ಲಿ ಹಾಡಿದರು. ನಾವು ಎರಡಕ್ಕೂ ಕೈಮುಗಿದೆವು. ಸಾಹಿತ್ಯ ಒಬ್ಬರದು, ಧಾಟಿ ಇನ್ನೊಬ್ಬರದು, ಹಾಡು ಊರಿನದು. ಷಿಕಾಗೋದ ಉಗ್ರಾಣದಿಂದ ಹೊರಟದ್ದು ಕಾರ್ಕಿನಲ್ಲಿ ಮನೆ ಮಾಡಿ, ಐರಿಷ್ ಹೆಣ್ಣುಮಗಳ ಕಂಠದಲ್ಲಿ ಮಾತಾಗಿ, ಮತ್ತೆ ಅಮೆರಿಕದ ಕೈಯಲ್ಲಿ ಹೊಸ ಲಯ ಪಡೆದು ಲೋಕಕ್ಕೆ ಹೋಯಿತು. ಕೈರಾನಾದಿಂದ ಕುಂದಗೋಳಕ್ಕೆ ಬಂದು, ಅಲ್ಲಿಂದ ಇಡೀ ಭಾರತಕ್ಕೆ ಹೋದ ಸಂಗೀತದ ಹಾದಿಯೂ ಇಂಥದ್ದೇ.

ಈ ಹಾಡನ್ನು ನಾನು ಮೊದಲು ಕೇಳಿದ್ದು 2014ರಲ್ಲಿ. ಆ ಬೇಸಿಗೆಯಲ್ಲಿ ಕಾರ್ಕಿನ ವಿಶ್ವವಿದ್ಯಾಲಯದ ಗ್ರಂಥಾಲಯ ಸರ್ ಹೆನ್ರೀಸಿನ ನೆನಪಿಗೆಂದೇ ಒಂದು ಪ್ರದರ್ಶನವನ್ನು ಏರ್ಪಡಿಸಿತ್ತು. ಗ್ರಂಥಾಲಯವೊಂದು ನೃತ್ಯಗೃಹದ ಭಿತ್ತಿಪತ್ರ, ಛಾಯಾಚಿತ್ರಗಳನ್ನು ಗಾಜಿನೊಳಗಿಟ್ಟು ಗೌರವಿಸಿತೆಂಬುದು ನನಗೆ ಅಚ್ಚರಿ. ರಜೆಗೆ ಬಂದಿದ್ದ ಮಗ, "ಅಪ್ಪಾ, ಬರ್ತೀರೇನು?" ಎಂದು ಕೇಳಿದ. ಹೋದೆ. ಬೆವರಿದ, ನಗುತ್ತಿದ್ದ ಎಳೆಯ ಮುಖಗಳ ಚಿತ್ರಗಳ ಮುಂದೆ ನಿಂತು ಅವನ ಮುಖವನ್ನು ಹುಡುಕಿದೆ, ಸಿಗಲಿಲ್ಲ. ಬದಲಿಗೆ ಅವನೇ ಪಕ್ಕದಲ್ಲಿ ನಿಂತು, ಇಂಥಲ್ಲಿ ನಿಲ್ಲುತ್ತಿದ್ದೆ, ಇಂಥವರು ಗೆಳೆಯರು, ಇಂಥ ಹಾಡು ಬಂದಾಗ ಎಲ್ಲರೂ ಕೈಯೆತ್ತಿ ಹಾಡುತ್ತಿದ್ದೆವು ಎಂದು ಒಂದು ಗಂಟೆ ಹೇಳಿದ. ನಡುನಡುವೆ ಮಾತು ತಡವರಿಸುತ್ತಿತ್ತು. ತಡವರಿಸಿದರೂ ಅವನು ನಿಲ್ಲಿಸಲಿಲ್ಲ. ಉಗ್ಗು ಹೋಗಿರಲಿಲ್ಲ, ಅದರ ನಾಚಿಕೆ ಹೋಗಿತ್ತು. ಎಲ್ಲಿ ಹೋಯಿತೆಂದು ಕೇಳಿದೆ. "ಇಲ್ಲೇ, ಅಪ್ಪಾ. ಇಲ್ಲಿ ಯಾರೂ ಹೆಸರು ಕೇಳತಿದ್ದಿಲ್ಲ. ನೀವು ಕುಂದಗೋಳಕ್ಕ ಹೋಗತಿದ್ರಲ್ಲ, ಹಂಗ" ಎಂದ.

ಕುಂದಗೋಳದ ಕಥೆಯನ್ನು ನಾನು ಅವನಿಗೆ ಚಿಕ್ಕಂದಿನಲ್ಲಿ ಎಷ್ಟೋ ಸಲ ಹೇಳಿದ್ದೆ. ಅವನು ಅದನ್ನು ಮರೆತಿರಲಿಲ್ಲ, ನಾನು ಮರೆತಿದ್ದೆ.

ಮನೆಗೆ ಮರಳುವಾಗ ಕಾರಿನಲ್ಲಿ ಅವನು ಆ ಹಾಡನ್ನು ಹಾಕಿದ. ಹೆಸರನ್ನು ಕನ್ನಡಕ್ಕೆ ತಂದರೆ 'ಮದ್ದೂ ಕಾರಣವೂ' ಎಂದಾಗುತ್ತದೆ. ಮೊದಲು ಕಾರಣ ಹುಡುಕು, ಆಮೇಲೆ ಮದ್ದು ಕೊಡು ಎಂಬುದು ನಮ್ಮ ವೈದ್ಯವಿದ್ಯೆಯ ಮೊದಲ ಪಾಠ. ಎರಡೂ ಒಂದೇ ಆಗಿರಬಹುದೆಂದು ನಮಗೆ ಯಾರೂ ಕಲಿಸಲಿಲ್ಲ. ನನ್ನ ಮಗ ದೂರವಾಗುವುದಕ್ಕೆ ಆ ಮನೆಯೇ ಕಾರಣವೆಂದು ನಾನು ರೋಗನಿರ್ಣಯ ಮಾಡಿದ್ದೆ. ಅವನಿಗೆ ಅದೇ ಮದ್ದಾಗಿತ್ತು. ಕಾರಣ ಅಗಳಿಯ ಈ ಬದಿಯಲ್ಲಿತ್ತು.

ಬಂಧುಗಳೆ, ನಾನು ಬಂದ ಕಾಲದಲ್ಲಿ ಈ ದೇಶದಲ್ಲಿ ಕನ್ನಡ ಕೇಳಬೇಕಾದರೆ ಊರಿಂದ ಊರಿಗೆ ಹೋಗಬೇಕಿತ್ತು. ಇಂದು ತಾವು ನೂರಾರು ಕುಟುಂಬಗಳಿದ್ದೀರಿ. ಇಲ್ಲಿ ನಮ್ಮ ಭಾಷೆ ಉಳಿಯುವುದೇ ಎಂದು ಪ್ರತಿ ಕೂಟದಲ್ಲೂ ಒಬ್ಬರಾದರೂ ನಿಟ್ಟುಸಿರಿಡುತ್ತಾರೆ. ಉಳಿಯಬೇಕಾದರೆ ಏನು ಬೇಕೆಂಬುದನ್ನು ಆ ಇಬ್ಬರು ಕಾರ್ಕಿನ ತರುಣರಿಂದ ನಾವು ಕಲಿಯಬಹುದು. ಅವರ ಬಳಿ ಹಣವಿರಲಿಲ್ಲ. ಸಂಗೀತ ಅವರ ಪೂರ್ವಜರದ್ದಲ್ಲ. ಅವರು ಮಾಡಿದ್ದು ಇಷ್ಟೇ: ಒಂದು ಕೋಣೆಯನ್ನು ತೆರೆದು, ಜನ ಹೆಚ್ಚು ಬಂದ ವಾರವೂ ಕಡಿಮೆ ಬಂದ ವಾರವೂ ಅಲ್ಲಿ ಹಾಜರಿದ್ದರು. ವರ್ಷಕ್ಕೆ ಮೂರು ಹಬ್ಬಗಳಲ್ಲಿ ಸೇರುವ ನಾವು, ನಿಮ್ಮ ಭಾನುವಾರದ ಕನ್ನಡ ತರಗತಿಗೆ ಮಕ್ಕಳು ನಾಲ್ಕೇ ಜನ ಬಂದರೆಂದು ಮುಂದೂಡುವ ಮುನ್ನ ಇದನ್ನು ಸ್ವಲ್ಪ ಯೋಚಿಸಬೇಕು. ಷಿಕಾಗೋದ ಆ ಹಳೆಯ ಉಗ್ರಾಣದ ಕಟ್ಟಡವನ್ನು 2023ರಲ್ಲಿ ನಗರದ ಸಂರಕ್ಷಿತ ಸ್ಮಾರಕವೆಂದು ಘೋಷಿಸಿದರು. ಕಾರ್ಕಿನದು ಕಟ್ಟಡವಾಗಿ ಉಳಿಯಲಿಲ್ಲ. ಅಲ್ಲಿ ಕುಣಿದವರಲ್ಲಿ ಉಳಿದಿದೆ.

ಹಿಂದಿನ ಸಾಲಿನ ಮಕ್ಕಳಲ್ಲಿ ಕೆಲವರ ಕಿವಿಗೆ ಈಗಲೂ ಸಣ್ಣ ಬಿಳಿಯ ಗುಂಡಿಗಳು ಅಂಟಿಕೊಂಡಿರುವುದನ್ನು ನಾನು ಇಲ್ಲಿಂದಲೇ ನೋಡುತ್ತಿದ್ದೇನೆ. ಕೋಪಿಸಿಕೊಳ್ಳುವುದಿಲ್ಲ. ಅವರ ತಂದೆ ತಾಯಿಯರಲ್ಲಿ ನನ್ನದೊಂದು ವಿನಂತಿ. ಇಂದು ರಾತ್ರಿ ಮನೆಗೆ ಹೋಗುವಾಗ ಕಾರಿನಲ್ಲಿ ಅವರ ಹಾಡನ್ನು ಹಾಕಲು ಹೇಳಿ. ಇಷ್ಟವಾಗಬೇಕೆಂದಿಲ್ಲ; ನನಗೂ ಎಲ್ಲವೂ ಇಷ್ಟವಾಗುವುದಿಲ್ಲ. ಕೇಳಿದ ಮೇಲೆ ನನ್ನ ತಂದೆಯವರು ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿ: ಯಾರು ಹಾಡಿದರು, ಏನು ಹಾಡಿದರು? ನಾನು ಅದನ್ನು ಕೇಳಲು ಇಪ್ಪತ್ತು ವರ್ಷ ತಡಮಾಡಿದೆ.

ಊಟದ ಹೊತ್ತಾಯಿತೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಹೋಳಿಗೆ ಆರುವ ಮುನ್ನ ಮಾತು ನಿಲ್ಲಿಸುತ್ತೇನೆ.